ಬೆಕ್ಕು ವಾಂತಿ ಮಾಡಿಕೊಂಡಾಗ ನಾನು ಏನೇನು ನೋಡುತ್ತೇನೆ

ಬೆಕ್ಕು ಸಾಕಿದ ಮನೆಯಲ್ಲಿ ವಾಂತಿ ಒರೆಸಲೆಂದೇ ಎತ್ತಿಟ್ಟ ಹಳೆಯ ಬಟ್ಟೆಯೊಂದು ಇದ್ದೇ ಇರುತ್ತದೆ. ಎಷ್ಟೋ ವರ್ಷಗಳಿಂದ ನಾನು ಬೆಕ್ಕುಗಳ ಜೊತೆಯಲ್ಲೇ ಬದುಕುತ್ತಿದ್ದೇನೆ. ಕಣ್ಣು ಬಿಡದ ಮರಿಗಳಿಗೆ ಬಾಟಲಿಯಲ್ಲಿ ಉಣಿಸಿದ್ದೇನೆ, ಮುದಿ ಬೆಕ್ಕುಗಳಿಗೆ ಎರಡೂ ಹೊತ್ತು ಮಾತ್ರೆ ನುಂಗಿಸಿದ್ದೇನೆ. ಇಷ್ಟರಲ್ಲಿ ನನಗೆ ಮನದಟ್ಟಾಗಿರುವ ಸಂಗತಿಯೊಂದಿದೆ. ಒಂದು ಸಲದ ವಾಂತಿಗೆ ಬೆಚ್ಚಿಬೀಳುವ ನಾವೇ ತಿಂಗಳುಗಟ್ಟಲೆ ನಡೆಯುವ ವಾಂತಿಗೆ ಒಗ್ಗಿಹೋಗುತ್ತೇವೆ. ಗಬಗಬ ತಿಂದ ಬೆಕ್ಕು ಊಟವನ್ನೆಲ್ಲ ಹೊರಹಾಕಿದರೆ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ವಾರಕ್ಕೊಂದು ಸಲ ನೊರೆ ಕಕ್ಕುವ ಬೆಕ್ಕನ್ನು ಮಾತ್ರ ‘ಬೆಕ್ಕುಗಳೇ ಹಾಗೆ’ ಎಂದು ಬಿಟ್ಟುಬಿಡುತ್ತಾರೆ. ಬೆಕ್ಕುಗಳು ಹಾಗಲ್ಲ. ವಾರವಾರವೂ ವಾಂತಿ ಮಾಡುವುದು ಯಾವ ತಳಿಯ, ಯಾವ ವಯಸ್ಸಿನ ಬೆಕ್ಕಿನ ಸ್ವಭಾವವೂ ಅಲ್ಲ. ಅದಕ್ಕೊಂದು ಕಾರಣವಿರುತ್ತದೆ, ಹುಡುಕಿದರೆ ಹೆಚ್ಚಿನ ಸಲ ಸಿಗುತ್ತದೆ.

ಬೆಕ್ಕು ಕಕ್ಕುವ ಸದ್ದು ಕೇಳಿದ ಕೂಡಲೇ ನಾನು ಬಟ್ಟೆಯನ್ನು ಹುಡುಕುವುದಿಲ್ಲ. ಮೊಬೈಲ್ ತೆಗೆದು ವಿಡಿಯೊ ಮಾಡಿಕೊಳ್ಳುತ್ತೇನೆ. ನಡೆಯುತ್ತಿರುವುದು ನಿಜಕ್ಕೂ ವಾಂತಿಯೇ ಎಂಬುದನ್ನು ಮೊದಲು ತಿಳಿಯಬೇಕು. ವಾಂತಿಗೆ ಒಂದು ಮುನ್ಸೂಚನೆಯಿರುತ್ತದೆ. ಬೆಕ್ಕು ಚಡಪಡಿಸುತ್ತದೆ, ತುಟಿ ನೆಕ್ಕುತ್ತದೆ, ಮತ್ತೆ ಮತ್ತೆ ಎಂಜಲು ನುಂಗುತ್ತದೆ, ಕೆಲವೊಮ್ಮೆ ವಿಚಿತ್ರ ಸ್ವರದಲ್ಲಿ ಕೂಗುತ್ತದೆ. ಆಮೇಲೆ ಹೊಟ್ಟೆ ಪಕ್ಕೆಗಳ ಹತ್ತಿರದಿಂದ ಹಿಂಡಿಹಿಂಡಿ ಬರುತ್ತದೆ. ಆ ಹಿಂಡುವಿಕೆ ಕಂಡರೆ ಅದು ವಾಂತಿ. ಊಟವಾದ ಸ್ವಲ್ಪ ಹೊತ್ತಿಗೆ, ಹೊಟ್ಟೆ ಹಿಂಡದೆ, ತಲೆ ಬಗ್ಗಿಸಿದ ಕೂಡಲೇ ಆಹಾರ ಅಗಿದ ಹಾಗೆಯೇ ಉದ್ದುದ್ದಕ್ಕೆ ಹೊರಬಿದ್ದರೆ ಅದು ಹೊಟ್ಟೆಯವರೆಗೆ ಹೋಗಿಯೇ ಇಲ್ಲ, ಅನ್ನನಾಳದಿಂದಲೇ ಮರಳಿದೆ. ಅವಸರದಲ್ಲಿ ತಿನ್ನುವ ಬೆಕ್ಕಿನಲ್ಲಿ ಇದು ಒಮ್ಮೊಮ್ಮೆ ಆಗುವಂಥದ್ದು. ಪದೇ ಪದೇ ಆದರೆ ಅನ್ನನಾಳ ಉರಿಗೊಂಡಿದೆಯೇ, ಕಿರಿದಾಗಿದೆಯೇ ಎಂದು ವೈದ್ಯರು ನೋಡಬೇಕು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿ ನಿಂತು ಸುಡುತ್ತದೆ. ಅದಕ್ಕೇ ಯಾವ ಮಾತ್ರೆ ಕೊಟ್ಟರೂ ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರನ್ನೋ, ಒಂದು ತುತ್ತು ಮೆತ್ತನೆಯ ಆಹಾರವನ್ನೋ ಕೊಡುವುದು ನನ್ನ ರೂಢಿ.

ಮೂರನೆಯದು ಕೆಮ್ಮು. ಹಲವರನ್ನು ದಿಕ್ಕುತಪ್ಪಿಸುವುದು ಇದೇ. ಬೆಕ್ಕು ನೆಲಕ್ಕೆ ಕುಕ್ಕರಿಸಿ, ಕತ್ತನ್ನು ಮುಂದಕ್ಕೆ ಚಾಚಿ, ಗೊರಗೊರ ಸದ್ದು ಮಾಡುತ್ತದೆ. ಕೂದಲುಂಡೆ ಬರುತ್ತದೆಂದು ನಾವು ಕಾಯುತ್ತೇವೆ, ಏನೂ ಬರುವುದಿಲ್ಲ, ಬೆಕ್ಕು ಒಮ್ಮೆ ನುಂಗಿ ಎದ್ದು ಹೋಗುತ್ತದೆ. ಇಂಥದ್ದು ಮರುಕಳಿಸುತ್ತಿದ್ದರೆ ಅಸ್ತಮಾ ಇರಬಹುದು. ನಮ್ಮ ಮನೆಯ ಒಂದು ಬೆಕ್ಕಿಗೆ ಇದ್ದದ್ದು ಅದೇ. ವಿಡಿಯೊ ನೋಡಿದ ವೈದ್ಯೆ, “ಇದು ಹೊಟ್ಟೆಯದ್ದಲ್ಲ, ಎದೆಯದ್ದು” ಎಂದು ಎಕ್ಸ್‌ರೇಗೆ ಬರೆದುಕೊಟ್ಟರು. ಚಿಕಿತ್ಸಾಲಯದ ಮೇಜಿನ ಮೇಲೆ ಯಾವ ಬೆಕ್ಕೂ ಹೇಳಿದ ಕೂಡಲೇ ಕೆಮ್ಮುವುದಿಲ್ಲ, ವಾಂತಿಯನ್ನೂ ಮಾಡುವುದಿಲ್ಲ. ಅರ್ಧ ನಿಮಿಷದ ವಿಡಿಯೊ ನನ್ನ ಹತ್ತು ವಾಕ್ಯಗಳ ವರ್ಣನೆಗಿಂತ ಹೆಚ್ಚು ಕೆಲಸ ಮಾಡಿದೆ.

ಕೂದಲುಂಡೆಯ ಮಾತು ಬಂತು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಹಿಂದಕ್ಕೆ ಬಾಗಿರುತ್ತವೆ, ಮೈ ನೆಕ್ಕುವಾಗ ಸಿಕ್ಕ ಕೂದಲನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗಲೇಬೇಕು. ಅದರಲ್ಲಿ ಬಹುಪಾಲು ಮಲದ ಜೊತೆ ಹೋಗುತ್ತದೆ. ಉಳಿದದ್ದು ಹೊಟ್ಟೆಯಲ್ಲಿ ಗಂಟುಕಟ್ಟಿ ಆಗೊಮ್ಮೆ ಈಗೊಮ್ಮೆ ಹೊರಬರುತ್ತದೆ. ಹೆಸರು ಉಂಡೆಯಾದರೂ ಆಕಾರ ಉದ್ದವಾಗಿಯೇ ಇರುತ್ತದೆ, ಅನ್ನನಾಳದ ಮೂಲಕ ಬರುವುದಲ್ಲವೇ. ಉದ್ದ ಕೂದಲಿನ ಬೆಕ್ಕು ಅಪರೂಪಕ್ಕೆ ಹೀಗೆ ಮಾಡಿದರೆ ನಾನು ಬಾಚಣಿಗೆ ಹಿಡಿಯುತ್ತೇನೆ, ಅಷ್ಟೇ. ಮೇಲಿಂದ ಮೇಲೆ ಬರತೊಡಗಿದರೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೆಕ್ಕು ಅತಿಯಾಗಿ ಮೈ ನೆಕ್ಕುತ್ತಿದೆಯೇ? ಚಿಗಟ, ಚರ್ಮದ ತುರಿಕೆ, ಮನೆಯಲ್ಲಿನ ಗಲಿಬಿಲಿ ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ನೆಕ್ಕುವುದು ಹೆಚ್ಚಾಗಿಲ್ಲದಿದ್ದರೆ ಕರುಳು ಕೂದಲನ್ನು ಮುಂದೆ ತಳ್ಳುತ್ತಿಲ್ಲವೇ? ಎರಡಕ್ಕೂ ಪರಿಹಾರ ಕೂದಲುಂಡೆಯ ಪೇಸ್ಟಿನಲ್ಲಿಲ್ಲ. ಎಣ್ಣೆಯನ್ನು ಬಾಯಿಗೆ ಸುರಿಯುವುದಂತೂ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಇನ್ನು ವಾಂತಿಯ ಬಣ್ಣ. ಜನ ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ, ನನ್ನ ಲೆಕ್ಕದಲ್ಲಿ ಇದಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಬೆಲೆ ಸಲ್ಲುತ್ತಿದೆ. ಹಳದಿ ನೀರು ಎಂದರೆ ಖಾಲಿ ಹೊಟ್ಟೆಗೆ ಪಿತ್ತರಸ ಬಂದಿದೆ ಎಂದರ್ಥ, ಯಾಕೆ ಬಂತೆಂದು ಅದು ಹೇಳುವುದಿಲ್ಲ. ಬಿಳಿ ನೊರೆಯೂ ಅಷ್ಟೇ. ಮೂರು ಬಗೆಗಳಿಗೆ ಮಾತ್ರ ಬಣ್ಣವೇ ಸಾಕ್ಷಿ. ಹಸಿ ರಕ್ತ, ವೈದ್ಯರು ಕಾಫಿ ಚರಟ ಎಂದು ಕರೆಯುವ ಕಂದು ಕಣಗಳು, ಮಲದ ವಾಸನೆಯ ಕಂದು ದ್ರವ. ಕಂದು ಕಣಗಳು ಹೊಟ್ಟೆಯಲ್ಲಿ ಜೀರ್ಣವಾದ ರಕ್ತ. ಮಲದ ವಾಸನೆ ಬಂದರೆ ಕರುಳಿನಲ್ಲಿ ಕೆಳಗೆಲ್ಲೋ ತಡೆಯಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ನಾನು ಬೇರೇನನ್ನೂ ನೋಡುತ್ತ ಕೂರುವುದಿಲ್ಲ, ಹೊರಟುಬಿಡುತ್ತೇನೆ. ಮರಿಯ ವಾಂತಿಯಲ್ಲಿ ಉದ್ದನೆಯ ಬಿಳಿ ಹುಳು ಕಂಡರೆ ಜಂತುಹುಳು. ಫೋಟೊ ತೆಗೆದು, ತೂಕಕ್ಕೆ ತಕ್ಕ ಔಷಧವನ್ನು ವೈದ್ಯರಿಂದಲೇ ಕೇಳಿ ಪಡೆಯಬೇಕು.

ವಾಂತಿಯನ್ನು ಅರ್ಧ ನಿಮಿಷ ನೋಡಿದರೆ ಬೆಕ್ಕನ್ನು ಅರ್ಧ ದಿನ ನೋಡಬೇಕು. ನಾನು ಮೊದಲು ನೋಡುವುದು ವಸಡನ್ನು. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿದರೆ ಆರೋಗ್ಯವಂತ ಬೆಕ್ಕಿನ ವಸಡು ಗುಲಾಬಿಯಾಗಿ, ಒದ್ದೆಯಾಗಿ ಕಾಣುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಸಡು ಬೆರಳಿಗೆ ಅಂಟಿದರೆ ಮೈಯ ನೀರು ಕಡಿಮೆಯಾಗಿದೆ. ಬಿಳಿಚಿಕೊಂಡಿದ್ದರೆ, ಹಳದಿಯಾಗಿದ್ದರೆ, ನೀಲಿ ಅಥವಾ ಕಂದಿಗೆ ತಿರುಗಿದ್ದರೆ ತಡಮಾಡುವಂತಿಲ್ಲ. ಭುಜಗಳ ನಡುವಿನ ಚರ್ಮವನ್ನು ಎತ್ತಿ ಬಿಟ್ಟು ನೋಡುವ ಪರೀಕ್ಷೆಯೂ ಉಂಟು, ಆದರೆ ಮುದಿ ಬೆಕ್ಕಿನ ಸಡಿಲ ಚರ್ಮ ಹೇಗೂ ನಿಧಾನವಾಗಿಯೇ ಇಳಿಯುವುದರಿಂದ ನಾನು ವಸಡನ್ನೇ ನಂಬುತ್ತೇನೆ. ಈ ಎಲ್ಲವನ್ನೂ ಬೆಕ್ಕು ಚೆನ್ನಾಗಿರುವಾಗಲೇ ನೋಡಿ ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮ ಬೆಕ್ಕಿನ ವಸಡಿನ ಸಹಜ ಬಣ್ಣ ಗೊತ್ತಿಲ್ಲದವರಿಗೆ ಅಸಹಜ ಬಣ್ಣವೂ ಗೊತ್ತಾಗುವುದಿಲ್ಲ. ಕೆಲವು ಬೆಕ್ಕುಗಳ ವಸಡಿನ ಮೇಲೆ ಹುಟ್ಟಿನಿಂದಲೇ ಕಪ್ಪು ಮಚ್ಚೆಗಳೂ ಇರುತ್ತವೆ.

ಆಮೇಲೆ ಊಟ. ವಾಂತಿ ಮಾಡಿಕೊಂಡ ಮೇಲೆ ಬೆಕ್ಕು ತಟ್ಟೆಯ ಬಳಿಗೆ ಬರುತ್ತದೆಯೇ? ಬಂದು ಏನು ಮಾಡುತ್ತದೆ? ಹಸಿವಿಲ್ಲದ ಬೆಕ್ಕು ತಟ್ಟೆಯತ್ತ ಬರುವುದೇ ಇಲ್ಲ. ಓಕರಿಕೆ ಇರುವ ಬೆಕ್ಕಿನ ರೀತಿ ಬೇರೆ. ಅಡುಗೆಮನೆಯವರೆಗೆ ಆಸೆಯಿಂದ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ತಟ್ಟೆಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತದೆ. ಕೆಲವೊಮ್ಮೆ ಆಹಾರವನ್ನು ಮಣ್ಣುಮುಚ್ಚುವಂತೆ ಕಾಲಿನಿಂದ ಕೆರೆಯುವುದೂ ಉಂಟು. ಇದನ್ನು ಕಂಡವರು ಬೆಕ್ಕಿಗೆ ರುಚಿ ಹಿಡಿಸಲಿಲ್ಲವೆಂದು ಆಹಾರ ಬದಲಿಸುತ್ತಾ ಹೋಗುತ್ತಾರೆ. ಹೊಟ್ಟೆ ತೊಳಸುತ್ತಿರುವ ಜೀವಕ್ಕೆ ಯಾವ ಆಹಾರವೂ ಹಿಡಿಸುವುದಿಲ್ಲ, ಅದಕ್ಕೆ ಬೇಕಾದದ್ದು ಓಕರಿಕೆ ನಿಲ್ಲಿಸುವ ಔಷಧ.

ಬೆಕ್ಕು ಊಟ ಬಿಟ್ಟರೆ ಗಡಿಯಾರ ಓಡತೊಡಗಿದಂತೆಯೇ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ಅದರಲ್ಲೂ ದಪ್ಪಗಿರುವ ಬೆಕ್ಕಿನಲ್ಲಿ, ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿ ತುಂಬಿಕೊಳ್ಳುತ್ತದೆ. ಮೂಲ ರೋಗ ಚಿಕ್ಕದಿದ್ದರೂ ಯಕೃತ್ತಿನ ಈ ತೊಂದರೆಯೇ ಪ್ರಾಣಕ್ಕೆ ಬರಬಹುದು. ಆದ್ದರಿಂದ ‘ಹೊಟ್ಟೆಗೆ ವಿಶ್ರಾಂತಿ’ ಎಂದು ಬೆಕ್ಕನ್ನು ದಿನಗಟ್ಟಲೆ ಉಪವಾಸ ಕೆಡವುವ ಹಳೆಯ ಸಲಹೆಯನ್ನು ನಾನು ಪಾಲಿಸುವುದಿಲ್ಲ. ಒಂದು ಸಲ ವಾಂತಿಯಾಗಿ, ಬೆಕ್ಕು ಲವಲವಿಕೆಯಿಂದಿದ್ದರೆ ಎರಡು ಮೂರು ಗಂಟೆ ಬಿಟ್ಟು ಅದಕ್ಕೆ ರೂಢಿಯಿರುವ ಆಹಾರವನ್ನೇ ಒಂದು ಚಮಚ ಕೊಡುತ್ತೇನೆ. ಅದು ಹೊಟ್ಟೆಯಲ್ಲಿ ನಿಂತರೆ ಕೆಲವು ಗಂಟೆ ಬಿಟ್ಟು ಇನ್ನೊಂದು ಚಮಚ. ನೀರನ್ನು ಮಾತ್ರ ಎಂದೂ ಎತ್ತಿಡುವುದಿಲ್ಲ. ಕುಡಿದ ನೀರೂ ನಿಲ್ಲದಿದ್ದರೆ, ಅಥವಾ ವಾಂತಿಯಾದ ಮೇಲೆ ಇಡೀ ದಿನ ಬೆಕ್ಕು ಏನೂ ಮುಟ್ಟದಿದ್ದರೆ ಮನೆಯ ಉಪಚಾರ ಅಲ್ಲಿಗೆ ಮುಗಿಯಿತು.

ಒಂದೇ ದಿನದಲ್ಲಿ ಮೂರು ನಾಲ್ಕು ಸಲ ವಾಂತಿಯಾದರೂ ಹಾಗೆಯೇ. ವಾಂತಿಯ ಜೊತೆ ಭೇದಿ, ಮೂಲೆ ಸೇರಿ ಅವಿತುಕೊಳ್ಳುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಮೇಲಿಂದ ಬಿದ್ದು ಪೆಟ್ಟಾಗಿರುವುದು, ಮೊದಲೇ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವುದು, ಇವುಗಳಲ್ಲಿ ಒಂದಿದ್ದರೂ ನಾನು ಸಂಖ್ಯೆ ಎಣಿಸುವುದಿಲ್ಲ. ಮರಿಗಳ ವಿಷಯದಲ್ಲಿ ಇನ್ನೂ ಅವಸರ ಬೇಕು. ಅರ್ಧ ಕಿಲೋ ತೂಗುವ ಮರಿಗೆ ಕಳೆದುಕೊಳ್ಳಲು ನೀರೂ ಇಲ್ಲ, ಸಕ್ಕರೆಯೂ ಇಲ್ಲ. ಲಸಿಕೆಯಾಗದ ಮರಿ ವಾಂತಿ ಮಾಡುತ್ತ ಮಂಕಾಗಿ ನೀರಿನ ಬಟ್ಟಲಿನ ಮುಂದೆ ತಲೆ ತೂಗಿಸಿ ಕುಳಿತಿದ್ದರೆ ಪ್ಯಾನ್‌ಲ್ಯುಕೋಪೀನಿಯಾ ಇರಬಹುದು. ಬಿಳಿ ರಕ್ತಕಣಗಳನ್ನೇ ನಾಶಮಾಡುವ ಈ ವೈರಾಣು ರೋಗದಲ್ಲಿ ಬೆಳಗಿನವರೆಗೆ ಕಾಯುವುದೂ ದೊಡ್ಡ ತಡ. ಬದುಕುಳಿದ ಮರಿಯ ಮನೆಯಲ್ಲಿಯೂ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ, ಹೊಸ ಮರಿಯನ್ನು ತರುವ ಮುನ್ನ ಲಸಿಕೆ ಆಗಿರಲೇಬೇಕು.

ಗಂಡು ಬೆಕ್ಕಿದ್ದವರಿಗೆ ಬೇರೆಯಾಗಿ ಹೇಳಬೇಕಾದದ್ದಿದೆ. ವಾಂತಿ ಮಾಡುವ ಗಂಡು ಬೆಕ್ಕನ್ನು ಕಂಡರೆ ನಾನು ನೇರ ಲಿಟರ್ ತಟ್ಟೆಯ, ಅಂದರೆ ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಯ ಕಡೆಗೆ ಹೋಗುತ್ತೇನೆ. ಇಂದು ಮೂತ್ರ ತಗುಲಿ ಮರಳು ಗಂಟುಕಟ್ಟಿದೆಯೇ? ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ತಿಣುಕುತ್ತಿದೆಯೇ? ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳು ಅಥವಾ ಲೋಳೆ ಕಟ್ಟಿಕೊಂಡು ಮುಚ್ಚಿಹೋದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ವಾಂತಿ ಅದರ ಲಕ್ಷಣಗಳಲ್ಲಿ ಒಂದು. ತಿಣುಕುವುದನ್ನು ಮಲಬದ್ಧತೆ ಎಂದುಕೊಂಡು, ವಾಂತಿಯನ್ನು ಅಜೀರ್ಣ ಎಂದುಕೊಂಡು ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತ ಕೂತರೆ ಒಂದೆರಡು ದಿನದಲ್ಲಿ ಬೆಕ್ಕು ಕೈತಪ್ಪಿಹೋಗುತ್ತದೆ. ಇದು ನಡುರಾತ್ರಿಯಲ್ಲೂ ಹೊರಡಬೇಕಾದ ತುರ್ತು.

ದಾರದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಹತ್ತಿರದಿಂದ ಕಂಡಿದ್ದೇನೆ. ಚುಕ್ಕಿ ಎಂಬ ಎಳೆಯ ಬೆಕ್ಕು ನಮ್ಮಲ್ಲಿತ್ತು. ಸದಾ ಆಟ. ಒಂದು ದಿನ ಬೆಳಗಿನಿಂದ ಕುಡಿದ ನೀರನ್ನೂ ಕಕ್ಕುತ್ತ, ಬೆನ್ನು ಗೂನು ಮಾಡಿಕೊಂಡು ಕುಳಿತಳು. ವೈದ್ಯೆ ಮೊದಲು ಮಾಡಿದ್ದು ಬಾಯಿ ಅಗಲಿಸಿ, ಗದ್ದದ ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನಾಲಿಗೆಯನ್ನು ಮೇಲೆತ್ತಿ ನೋಡಿದ್ದು. ನಾಲಿಗೆಯ ಬುಡಕ್ಕೆ ಹೊಲಿಗೆ ದಾರವೊಂದು ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ಇನ್ನೊಂದು ತುದಿ ಹೊಟ್ಟೆ ದಾಟಿ ಕರುಳಿಗೆ ಹೋಗಿತ್ತು. ಒಂದು ತುದಿ ಸಿಕ್ಕಿಕೊಂಡ ದಾರವನ್ನು ಕರುಳು ಮುಂದೆ ತಳ್ಳಲು ನೋಡುತ್ತದೆ, ದಾರ ಬಾರದಿದ್ದಾಗ ಕರುಳೇ ದಾರದ ಮೇಲೆ ಮೇಲೆ ಹತ್ತಿಕೊಳ್ಳುತ್ತದೆ, ಲಾಡಿ ಎಳೆದಾಗ ಬಟ್ಟೆ ನಿರಿಗೆಗಟ್ಟುವ ಹಾಗೆ. ನಿರಿಗೆಗಳ ಒಳಮಗ್ಗುಲನ್ನು ದಾರ ಕೊಯ್ಯುತ್ತದೆ. ಅದಕ್ಕೇ ಬಾಯಿಯಲ್ಲೋ ಗುದದ್ವಾರದಲ್ಲೋ ದಾರದ ತುದಿ ಕಂಡರೆ ಎಳೆಯಲೇಬಾರದು, ಮನೆಯಲ್ಲಿ ಕತ್ತರಿಸಲೂಬಾರದು. ಚುಕ್ಕಿಗೆ ಅಂದೇ ಶಸ್ತ್ರಚಿಕಿತ್ಸೆಯಾಯಿತು, ಕರುಳು ಎಲ್ಲಿಯೂ ತೂತಾಗಿರಲಿಲ್ಲ, ಉಳಿದುಕೊಂಡಳು. ನಮ್ಮ ಮನೆಯಲ್ಲಿ ಸೂಜಿದಾರ, ರಿಬ್ಬನ್, ತಲೆಗೂದಲಿನ ರಬ್ಬರ್‌ಬ್ಯಾಂಡ್ ಎಲ್ಲಕ್ಕೂ ಮುಚ್ಚಳವಿರುವ ಡಬ್ಬಿ. ದಾರ ಕಟ್ಟಿದ ಕೋಲಿನಿಂದ ಆಡಿಸಿದರೆ, ಆಟ ಮುಗಿದ ಕೂಡಲೇ ಅದು ಬೀರುವಿನೊಳಗೆ ಹೋಗುತ್ತದೆ.

ವಿಷದ ವಿಷಯದಲ್ಲಿ ಲಿಲ್ಲಿ ಹೂವಿನಷ್ಟು ಮೋಸದ್ದು ಇನ್ನೊಂದನ್ನು ನಾನರಿಯೆ. ನಿಜವಾದ ಲಿಲ್ಲಿಗಳು ಮತ್ತು ಡೇ ಲಿಲ್ಲಿಗಳಲ್ಲಿ ಎಲೆ, ದಳ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಕೆಲವು ಗಂಟೆಗಳಲ್ಲಿ ಬೆಕ್ಕು ವಾಂತಿ ಮಾಡುತ್ತದೆ. ಆಮೇಲೆ ವಾಂತಿ ತಾನಾಗಿ ನಿಂತು ಬೆಕ್ಕು ಸುಧಾರಿಸಿದಂತೆ ಕಾಣಬಹುದು. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಮೂತ್ರಪಿಂಡ ಹಾಳಾಗುತ್ತಿರುತ್ತದೆ, ಒಂದರಿಂದ ಮೂರು ದಿನದೊಳಗೆ ಪೂರಾ ಸೋಲುತ್ತದೆ. ಮೊದಲ ಗಂಟೆಗಳಲ್ಲೇ ರಕ್ತನಾಳದ ಮೂಲಕ ದ್ರವ ಕೊಡಲು ಶುರುಮಾಡಿದರೆ ಉಳಿಸಬಹುದು. ಹಾಗಾಗಿ ಬೆಕ್ಕು ಲಿಲ್ಲಿಯನ್ನು ಮುಟ್ಟಿದೆ ಎಂಬ ಅನುಮಾನವೊಂದೇ ಹೊರಡಲು ಸಾಕು, ಲಕ್ಷಣಕ್ಕಾಗಿ ಕಾಯಬೇಕಿಲ್ಲ. ಬೆಕ್ಕಿರುವ ಮನೆಗೆ ಲಿಲ್ಲಿಯ ಹೂಗುಚ್ಛ ಬರಲೇಕೂಡದು.

ನಮ್ಮ ಔಷಧದ ಡಬ್ಬಿಯೂ ಬೆಕ್ಕಿಗೆ ವಿಷದ ಡಬ್ಬಿಯೇ. ಪ್ಯಾರಾಸಿಟಮಾಲನ್ನು ನಿರಪಾಯವಾಗಿ ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಮಾತ್ರೆ ಕೊಲ್ಲಬಲ್ಲದು. ವಸಡು ಕಂದುಗಟ್ಟುತ್ತದೆ, ಮುಖ ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಐಬುಪ್ರೊಫೆನ್ ಕೂಡ ಹಾಗೆಯೇ ಅಪಾಯಕಾರಿ. ಈರುಳ್ಳಿ ಬೆಳ್ಳುಳ್ಳಿ ಬೆರೆತ ಆಹಾರ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಾಯಿಗೆಂದು ತಂದ, ಪರ್ಮೆತ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಮೈಯೆಲ್ಲ ನಡುಗಿ ಸೆಳವು ಬರುತ್ತದೆ. ವಿಷ ತಿಂದಿದೆಯೆಂದು ಗೊತ್ತಾದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ. ಉಪ್ಪು ಮತ್ತೊಂದು ವಿಷವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಹೊಟ್ಟೆಯ ಒಳಪದರವನ್ನು ಸುಟ್ಟು ರಕ್ತ ಬರಿಸುತ್ತದೆ. ತಿಂದದ್ದರ ಪೊಟ್ಟಣವನ್ನೋ, ಗಿಡದ ಎಲೆಯನ್ನೋ ಚೀಲಕ್ಕೆ ಹಾಕಿಕೊಂಡು ಓಡುವುದೊಂದೇ ದಾರಿ.

ಇವೆಲ್ಲ ಗದ್ದಲದ ವಾಂತಿಗಳು. ಹೇಗೋ ನಮ್ಮನ್ನು ಎಬ್ಬಿಸಿ ಓಡಿಸುತ್ತವೆ. ನನಗೆ ಹೆಚ್ಚು ಚಿಂತೆ ಗದ್ದಲವಿಲ್ಲದ ವಾಂತಿಯದ್ದು. ಅದನ್ನು ಹಿಡಿಯಲು ನನಗೆ ನೆರವಾದದ್ದು ಎರಡೇ ವಸ್ತು, ಒಂದು ನೋಟ್‌ಬುಕ್, ಇನ್ನೊಂದು ಗ್ರಾಂ ತೋರಿಸುವ ತೂಕದ ಯಂತ್ರ. ಎಳೆಯ ಮಕ್ಕಳನ್ನು ತೂಗುವ ಯಂತ್ರ ಚೆನ್ನಾಗಿ ಹೊಂದುತ್ತದೆ. ಬೆಕ್ಕನ್ನು ಎತ್ತಿಕೊಂಡು ನಾವು ನಿಲ್ಲುವ ಯಂತ್ರದಲ್ಲಿ ಕಳೆಯುವ ಲೆಕ್ಕ ಮಾಡಿದರೆ ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ನೋಟ್‌ಬುಕ್‌ನಲ್ಲಿ ನಾನು ಬರೆಯುವುದು ಸ್ವಲ್ಪವೇ: ದಿನ, ಊಟವಾಗಿ ಎಷ್ಟು ಹೊತ್ತಿಗೆ ವಾಂತಿಯಾಯಿತು, ಏನು ಬಂತು, ಆಮೇಲೆ ಊಟ ಮಾಡಿತೇ. ತಿಂಗಳ ಮೊದಲ ವಾರ ತೂಕ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಉಣಿಸುವುದು ಒಳ್ಳೆಯದು. ಪೈಪೋಟಿಯಿಂದ ನುಂಗುವುದು ತಪ್ಪುತ್ತದೆ, ಯಾರು ಊಟ ಬಿಟ್ಟರೆಂಬುದೂ ಗೊತ್ತಾಗುತ್ತದೆ.

ಬೆಳ್ಳಿ ಎಂಬ ನಮ್ಮ ಮುದಿ ಬೆಕ್ಕಿನ ಕಾಯಿಲೆ ಸಿಕ್ಕಿದ್ದು ಆ ಪುಟಗಳಿಂದಲೇ. ಆಗ ಅವಳಿಗೆ 13 ವರ್ಷ. ನೋಡಿದವರೆಲ್ಲ ಅವಳ ಹುರುಪನ್ನು ಹೊಗಳುತ್ತಿದ್ದರು. ಈ ವಯಸ್ಸಿನಲ್ಲಿ ಮರಿಯಂತೆ ಓಡಾಡುತ್ತಾಳೆ, ಎಷ್ಟು ಹಾಕಿದರೂ ತಿನ್ನುತ್ತಾಳೆ ಎನ್ನುತ್ತಿದ್ದರು. ವಾರಕ್ಕೊಮ್ಮೆ ಅಷ್ಟಿಷ್ಟು ವಾಂತಿ, ಅದೂ ತಿಂದ ಆಹಾರವೇ. ಬರೀ ಕಣ್ಣಿಗೆ ಏನೂ ಬದಲಾಗಿರಲಿಲ್ಲ, ಆದರೆ 4.2 ಕಿಲೋ ಇದ್ದ ತೂಕ 3.8ಕ್ಕೆ ಇಳಿದಿತ್ತು. ಅಂದರೆ ಶೇ. 10ರ ಹತ್ತಿರ. 60 ಕಿಲೋ ತೂಗುವ ಮನುಷ್ಯ ಚೆನ್ನಾಗಿ ಉಣ್ಣುತ್ತಲೇ ಸುಮಾರು 6 ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೇ? ವೈದ್ಯೆ ಪುಟ ತಿರುವಿ, ಬೆಳ್ಳಿಯ ಕುತ್ತಿಗೆಯನ್ನು ಎರಡು ಬೆರಳಿನಿಂದ ಸವರಿ, “ಹಸಿವು ಹೆಚ್ಚು, ತೂಕ ಕಡಿಮೆ. ಥೈರಾಯ್ಡ್ ನೋಡೋಣ” ಎಂದರು. ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನು ಏರಿತ್ತು. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿ ಅತಿಯಾಗಿ ದುಡಿಯುವುದು ಸಾಮಾನ್ಯ ಕಾಯಿಲೆ. ಬೆಕ್ಕು ಚುರುಕಾಗಿರುವುದರಿಂದಲೇ ಅದು ಕಾಯಿಲೆಯಂತೆ ಕಾಣುವುದಿಲ್ಲ. ಮಾತ್ರೆ ಶುರುವಾಯಿತು, ವಾಂತಿ ವಿರಳವಾಯಿತು, ತೂಕ ನಿಧಾನವಾಗಿ ಏರಿತು. ಜೊತೆಗೆ ಮೂತ್ರಪಿಂಡದ ಮೇಲೂ ಕಣ್ಣಿಡಬೇಕಾಯಿತು. ಏರಿದ ಥೈರಾಯ್ಡ್ ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಹೆಚ್ಚಿಸಿ ಅದರ ಸೋಲನ್ನು ಮರೆಮಾಚಬಲ್ಲದು, ಚಿಕಿತ್ಸೆ ಶುರುವಾದ ಮೇಲೆ ಅದು ಹೊರಬೀಳುತ್ತದೆ.

ಮುದಿ ಬೆಕ್ಕಿನ ಮೌನ ವಾಂತಿಯ ಹಿಂದೆ ಮೂತ್ರಪಿಂಡದ ಕಾಯಿಲೆಯೇ ಇರುವುದು ಇನ್ನೊಂದು ಸಾಮಾನ್ಯ ಸಂಗತಿ. ನೀರು ಹೆಚ್ಚು ಕುಡಿಯುವುದು, ಲಿಟರ್ ತಟ್ಟೆಯಲ್ಲಿ ಗಂಟುಗಳು ದೊಡ್ಡದಾಗುವುದು ಅದರ ಸುಳಿವು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ವೈದ್ಯರು ರಕ್ತದ ಜೊತೆ ಮೂತ್ರದ ಸಾಂದ್ರತೆಯನ್ನೂ ಪರೀಕ್ಷಿಸುತ್ತಾರೆ, ಅದನ್ನು ಬೇಡವೆನ್ನಬಾರದು. ಮೇದೋಜ್ಜೀರಕ ಗ್ರಂಥಿಯ ಉರಿಯೂತವಂತೂ ಬೆಕ್ಕಿನಲ್ಲಿ ಬಹಳ ಗುಪ್ತ. ಎಷ್ಟೋ ಸಲ ವಾಂತಿಯೇ ಇರುವುದಿಲ್ಲ, ಊಟ ಬಿಟ್ಟು ಮಂಕಾಗಿ ಮಲಗಿರುತ್ತದೆ, ಅಷ್ಟೇ.

ನಡುವಯಸ್ಸಿನ ಬೆಕ್ಕು ಬಿಡದೆ ವಾಂತಿ ಮಾಡುತ್ತಿದ್ದು, ರಕ್ತ ಪರೀಕ್ಷೆಯೆಲ್ಲ ಸರಿಯಿದ್ದರೆ ವೈದ್ಯರು ಹೆಚ್ಚಾಗಿ ಆಹಾರದ ಪ್ರಯೋಗ ಹೇಳುತ್ತಾರೆ. ಬೆಕ್ಕು ಹಿಂದೆಂದೂ ತಿನ್ನದ ಪ್ರೊಟೀನ್, ಅಥವಾ ದೇಹ ಗುರುತಿಸಲಾಗದಷ್ಟು ಸಣ್ಣದಾಗಿ ಒಡೆದ ಪ್ರೊಟೀನ್ ಇರುವ ಆಹಾರ. ಹೊಟ್ಟೆಯ ತೊಂದರೆಯಾದರೆ ಎರಡು ಮೂರು ವಾರದಲ್ಲಿ ಫಲ ಕಾಣತೊಡಗುತ್ತದೆ. ಕಟ್ಟುನಿಟ್ಟು ಬೇಕು. ಮನೆಯಲ್ಲಿ ಒಬ್ಬರು ಕನಿಕರದಿಂದ ಒಂದು ತುಣುಕು ಬೇರೆ ತಿನಿಸು ಕೊಟ್ಟರೂ ಲೆಕ್ಕ ಕೆಡುತ್ತದೆ, ಅದಕ್ಕೇ ನಾನು ಶುರುಮಾಡುವ ಮುನ್ನ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಅದರಿಂದಲೂ ಬಗೆಹರಿಯದಿದ್ದರೆ ಅಲ್ಟ್ರಾಸೌಂಡ್, ಆಮೇಲೆ ಕರುಳಿನ ತುಣುಕು ತೆಗೆದು ನೋಡುವ ಬಯಾಪ್ಸಿ. ಕರುಳಿನ ದೀರ್ಘಕಾಲದ ಉರಿಯೂತಕ್ಕೂ ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೋಮಾ ಎಂಬ ಕ್ಯಾನ್ಸರಿಗೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಆ ಹೆಸರು ಕೇಳಿದ ಕೂಡಲೇ ಕೈಚೆಲ್ಲಬೇಡಿ. ಆ ನಿಧಾನಗತಿಯ ಬಗೆಗೆ ಬಾಯಿಯಿಂದ ಕೊಡುವ ಮಾತ್ರೆಗಳಿವೆ, ಎಷ್ಟೋ ಬೆಕ್ಕುಗಳು ಅವುಗಳ ಬಲದ ಮೇಲೆ ವರ್ಷಗಳ ಕಾಲ ಚೆನ್ನಾಗಿ ಬಾಳುತ್ತವೆ.

ಎಲ್ಲಕ್ಕೂ ಕಾಯಿಲೆಯೇ ಕಾರಣವಲ್ಲ ಎಂಬುದೂ ಅಷ್ಟೇ ನಿಜ. ಅವಸರದಲ್ಲಿ ನುಂಗುವ ಬೆಕ್ಕಿಗೆ ಒಣ ಆಹಾರವನ್ನು ಅಗಲ ತಟ್ಟೆಯಲ್ಲಿ ಹರಡಿ ಕೊಟ್ಟರೆ ಎಷ್ಟೋ ವಾಂತಿ ನಿಲ್ಲುತ್ತದೆ. ಬೆಳಗಿನ ಜಾವ ಬರೀ ಹಳದಿ ನೀರು ಕಕ್ಕುವ, ಉಳಿದಂತೆ ಗಟ್ಟಿಮುಟ್ಟಾದ ಬೆಕ್ಕಿಗೆ ಮಲಗುವ ಮುನ್ನ ಒಂದು ಚಿಕ್ಕ ಊಟ ಕೊಟ್ಟು ನೋಡಬಹುದು. ಆಹಾರ ಬದಲಿಸುವಾಗ ಒಂದು ವಾರದಿಂದ ಹತ್ತು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಹಾಲು ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಬೇಡ. ಇವನ್ನು ಮಾಡಿಯೂ ವಾಂತಿ ಮುಂದುವರಿದರೆ, ಅಥವಾ ತೂಕ ಇಳಿದರೆ ನಾನು ಮನೆಯಲ್ಲಿ ಇನ್ನೊಂದು ಉಪಾಯ ಹುಡುಕುವುದಿಲ್ಲ.

ವೈದ್ಯರಲ್ಲಿಗೆ ಹೊರಡುವಾಗ ಬೆಕ್ಕಿನ ಬುಟ್ಟಿಯ ಜೊತೆ ನೋಟ್‌ಬುಕ್, ವಿಡಿಯೊ, ವಾಂತಿಯ ಫೋಟೊ, ಕೊಡುತ್ತಿರುವ ಔಷಧಗಳ ಹೆಸರು ಇಷ್ಟನ್ನು ಒಯ್ಯುತ್ತೇನೆ. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಮಲ ಹೋದದ್ದು ಯಾವಾಗ, ಮನೆಯಲ್ಲಿ ಏನಾದರೂ ಕಾಣೆಯಾಗಿದೆಯೇ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ, ಉತ್ತರ ಸಿದ್ಧವಿರಬೇಕು. ಚಿಕಿತ್ಸೆಯಾಗಿ ಹೊರಬರುವ ಮುನ್ನ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: “ಡಾಕ್ಟರ್, ಇಂದು ರಾತ್ರಿ ಮತ್ತೆ ವಾಂತಿಯಾದರೆ ಎಷ್ಟರವರೆಗೆ ಕಾಯಬಹುದು, ಏನು ಕಂಡರೆ ಕೂಡಲೇ ಬರಬೇಕು?” ಪ್ರತಿ ಬೆಕ್ಕಿಗೂ ಉತ್ತರ ಬೇರೆಯೇ ಇರುತ್ತದೆ. ಅದನ್ನು ಅಲ್ಲೇ ನಿಂತು ಬರೆದುಕೊಂಡು, ರಾತ್ರಿ ತೆರೆದಿರುವ ಚಿಕಿತ್ಸಾಲಯದ ಸಂಖ್ಯೆಯನ್ನೂ ಕೇಳಿ ಪಡೆದು ಹೊರಡುತ್ತೇನೆ.